ಹದಿನಾಲ್ಕನೆಯ ಚಿತ್ರ

ಪ್ರಸೀದಾ ಮೇಡಂ ಬಂದದ್ದು ಬೆಳಗ್ಗಿನ ಲೋಕಲ್ಲಿಗೆ,
ಉಪ್ಪಳದಲ್ಲಿಳಿದು, ಬಾಯಾರಿನ ಬಸ್ಸು ಹಿಡಿದು.
ನೀಲಿ ಸೂಟ್‌ಕೇಸಿನ ತುಂಬ ಬುದ್ಧಿ ತೂಗುವ ಸಾಮಾನು:
ಒಂಬತ್ತು ಕೆಂಪು-ಬಿಳಿ ಮರದ ತುಂಡು,
ಚಿತ್ರದ ಹಾಳೆ, ಚೂಪು ಮಾಡಿದ ಪೆನ್ಸಿಲು,
ಮತ್ತೆ ನನಗೆಂದೇ ತಂದ ಸ್ಟಾಪ್‌ವಾಚು.

"ಮಾಷ್ಟ್ರು ಸಮಯ ನೋಡಿದರೆ ಸಾಕು.
ಮಧ್ಯೆ ಮಾತಾಡಬಾರದು, ತಲೆ ಆಡಿಸಬಾರದು, ನಗಲೂಬಾರದು.
ಮಕ್ಕಳು ಮುಖ ಓದುತ್ತಾರೆ."
ಅದು ನಿಜ. ಇಪ್ಪತ್ತಾರು ವರ್ಷದಲ್ಲಿ
ನನ್ನ ಮುಖದಷ್ಟು ಚೆನ್ನಾಗಿ
ಯಾವ ಪಾಠವನ್ನೂ ಇವರು ಓದಿದ್ದಿಲ್ಲ.

ಮೂರನೇ ಕ್ಲಾಸಿನ ಹನ್ನೊಂದು ಮಕ್ಕಳು, ಒಬ್ಬೊಬ್ಬರಾಗಿ.
ಸಿನಾನ್ ಅಂಕೆಗಳನ್ನು ಹಿಂದಿನಿಂದ ಒಪ್ಪಿಸಿದ, ಏಳರ ತನಕ, ಉಸಿರು ಬಿಡದೆ.
ಪಟ್ಟಿಗೆ ಸೇರದ್ದು ಯಾವುದೆಂದರೆ ರಿಫಾ ನಕ್ಕದ್ದೇ ನಕ್ಕದ್ದು.
ಅವಳ ಮನೆಮಾತಿನಲ್ಲಿ ಪಟ್ಟಿ ಎಂದರೆ ನಾಯಿ;
ನಾಯಿಗೆ ಸೇರದ್ದು ಬೆಕ್ಕು, ಅಂದಳು. ಹಾಳೆಯಲ್ಲಿ ಬೆಕ್ಕೇ ಇರಲಿಲ್ಲ.
ಮೇಡಮ್ಮಿಗೂ ನಗು ಬಂತು, ಅವರದೂ ಅದೇ ಮಾತಲ್ಲವೇ,
ಆದರೂ ಸೊನ್ನೆ ಹಾಕಿದರು.

ಯಶ್ಮಿತಾಳ ಅಪ್ಪನಿಗೆ ಮುರಕಲ್ಲಿನ ಪಣೆಯಲ್ಲಿ ಕೆಲಸ.
ತುಂಡುಗಳನ್ನು ಕಂಡದ್ದೇ ಅವಳ ಕೈ ತನ್ನಷ್ಟಕ್ಕೆ ಹೊರಟಿತು.
ಚಿತ್ರದಲ್ಲಿದ್ದದ್ದು ಮೂರು ಸಾಲು, ಒಂದರ ಮೇಲೊಂದು ನೇರ.
ಇವಳು ನಡುವಿನ ಸಾಲನ್ನು ಅರ್ಧ ಸರಿಸಿಟ್ಟಳು.
ಮತ್ತೆ ತೋರಿಸಿದರು. ಮತ್ತೆ ಸರಿಸಿಟ್ಟಳು.
ಸಂದಿನ ಮೇಲೆ ಸಂದು ಬಂದರೆ ಗೋಡೆ ಬಿರಿಯುತ್ತದೆಂದು
ಪಣೆಯ ಮಕ್ಕಳಿಗೆ ಮೊಲೆ ಬಿಡುವ ಮೊದಲೇ ಗೊತ್ತು.
ಅರುವತ್ತು ಸೆಕೆಂಡು. ನಾನು ಗುಂಡಿ ಒತ್ತಿದೆ.

ಆಮೇಲೆ ಚಿತ್ರಗಳು. ಇದೇನು? ಆನೆ. ಇದೇನು? ಕೊಡೆ.
ಹದಿನಾಲ್ಕನೆಯದು ಹಂಚಿನ ಮಾಡು, ಎರಡು ಕಿಟಿಕಿ, ಒಂದು ಬಾಗಿಲು.
ಹುಡುಗಿಯ ಮುಖ ಅರಳಿತು.
"ಇಲ್ಲ್" ಅಂದಳು.

ಕನ್ನಡಕ್ಕೆ ಅದು ಇಲ್ಲ. ಮಲಯಾಳಕ್ಕೂ ಇಲ್ಲ.
ಎರಡು ಸರಕಾರಗಳ ಕಿವಿಗೂ ಕೇಳುವುದು ಒಂದೇ.
ಪೆನ್ಸಿಲು 'ಉತ್ತರ ಗೊತ್ತಿಲ್ಲ' ಎಂಬ ಚೌಕಕ್ಕೆ ಹೋಯಿತು.
ತುಳುವಿನಲ್ಲಿ ಇಲ್ಲ ಎನ್ನಲು ಇಜ್ಜಿ ಅನ್ನುತ್ತಾರೆ, ಮೇಡಂ,
ಇಲ್ಲ್ ಎಂದರೆ ಇರುವುದು,
ಒಲೆ ಇರುವುದು, ಅಜ್ಜಿ ಇರುವುದು,
ಕತ್ತಲಾದರೆ ಹೋಗಿ ಸೇರಲು ಒಂದು ಇರುವುದು.
ಇಷ್ಟೂ ನನ್ನ ನಾಲಿಗೆಯ ತುದಿಯಲ್ಲಿತ್ತು.
ಅಂಗೈಯಲ್ಲಿ ಗಡಿಯಾರ ಓಡುತ್ತಿತ್ತು.
ನಾನು ಮುಖವನ್ನು ಹಲಗೆ ಮಾಡಿಕೊಂಡೆ.

ಊಟದ ಹೊತ್ತಿಗೆ, ಹೆಸರುಕಾಳಿನ ಪಲ್ಯ ಬಡಿಸುತ್ತ ಹೇಳಿದೆ.
ಮೇಡಮ್ಮಿನ ತುತ್ತು ಅರ್ಧದಲ್ಲೇ ನಿಂತಿತು.
"ನಮ್ಮಲ್ಲೂ ಇಲ್ಲಂ ಉಂಟು ಮಾಷೇ, ಮನೆಯೇ ಅದು.
ದೊಡ್ಡ ಜಾತಿಯವರ ಮನೆ."
ಸ್ವಲ್ಪ ತಡೆದು: "ನಮ್ಮದನ್ನು ಹಾಗೆ ಕರೆಯುತ್ತಿರಲಿಲ್ಲ."
ಚೌಕ ತುಂಬಿಯಾಗಿತ್ತು; ತಿದ್ದಿದರೆ ಮಾದರಿ ಕೆಡುತ್ತದಂತೆ.
ಷರಾ ಬರೆಯುವ ಜಾಗ ಬೆರಳಗಲ.
ಅಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಏನೋ ಬರೆದರು.
ಯಾರ ಕಣ್ಣಿಗೆ ಬೀಳುತ್ತದೋ. ಮೊತ್ತಕ್ಕಂತೂ ಅದು ಸೇರದು.

ಸಂಜೆ ಗೇಟಿನ ಹತ್ತಿರ ಜಲಜಾಕ್ಷಿ, ಅವಳ ತಾಯಿ:
"ನಂಬ್ರ ಕಮ್ಮಿಯಾದರೆ ಪೆನ್ಶನ್ ಅಂತೆ, ಹೆಚ್ಚಾದರೆ ಸ್ಕಾಲರ್‌ಶಿಪ್ಪಂತೆ.
ನಮ್ಮದಕ್ಕೆ ಎಂತ ಬಂತು ಮಾಷ್ಟ್ರೇ?"
ಗೊತ್ತಿಲ್ಲ. ನಡುವೆ ಬಂದರೆ ಏನೂ ಸಿಗದು, ಅಂದೆ.
"ಅದು ಅಭ್ಯಾಸ ಉಂಟು" ಎಂದು ಕೊಡೆ ಬಿಡಿಸಿದಳು.

ಮರುದಿನ ಬೋರ್ಡಿನಲ್ಲಿ ಎರಡು ಅಕ್ಷರ ಬರೆದೆ.
ಎಲ್ಲರಿಗಿಂತ ಮೊದಲು ಯಶ್ಮಿತಾ ಓದಿದಳು: ಮನೆ.
ಮತ್ತೆ ನಿನ್ನೆ?
"ನಿನ್ನೆಯದ್ದು ಪುಸ್ತಕದ್ದಲ್ಲ ಅಲ್ವ ಮಾಷ್ಟ್ರೇ.
ಅದರಲ್ಲಿ ಒಂದು ಹಂಚು ಒಡೆದದ್ದು ಉಂಟು,
ಬಲದ ಬದಿಗೆ. ನಮ್ಮದರ ಹಾಗೆ."

ಹನ್ನೊಂದು ಸಲ ನೋಡಿದ್ದೆ ಆ ಚಿತ್ರವನ್ನು.
ಒಡೆದ ಹಂಚು ನನಗೆ ಕಂಡಿರಲಿಲ್ಲ.