ಕೊಸರು

ಹನ್ನೊಂದು ವರ್ಷದ ಸ್ಕೋರ್ ಹಾಳೆ ನನ್ನ ಕಪಾಟಿನಲ್ಲಿ,
ಜಿರಳೆ ತಿಂದದ್ದು ಬಿಟ್ಟು.
ಕೋಡಿಬಾಗದ ಅಂಗಣ, ನಾಲ್ಕೂವರೆಯ ಆಟ,
ಬಿದ್ದರೆ ಗೆರೆ, ತಪ್ಪಿದರೆ ಸೊನ್ನೆ,
ಯಾವ ತುದಿಗೆ ಎಸೆದರು ಅಂತಲೂ ಬರೆದಿಡುವುದು ನನ್ನ ಖಯಾಲಿ.
ಹಗಲೆಲ್ಲ ಬೈತಖೋಲದ ಬಂದರು ಕಚೇರಿಯಲ್ಲಿ ಗಾಳಿ ಬರೆಯುವ ಕೈಗೆ
ಸಂಜೆ ಇದೊಂದು ಚಟ.

ಪ್ರತೀಕ್ಷಾ ದುರ್ಗೇಕರ, ಹದಿನೇಳು, ತಂಡದ ಗಾರ್ಡ್,
"ಅಕ್ಕಾ, ಇದು ರದ್ದಿ ಅಲ್ಲ, ಡೇಟಾ" ಅಂದಳು,
ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟಳು.
ನನಗಾಗ ಐವತ್ತೆರಡು.

ಮೊದಲು ಸರಾಸರಿ.
ಸೋಮವಾರ ಇಪ್ಪತ್ತು ಹಾಕಿ ಮಂಗಳವಾರ ಒಂದೂ ಹಾಕದವಳ
ಸರಾಸರಿ ಹತ್ತು.
ಯಾರೀ ಹತ್ತರವಳು?
ಹನ್ನೊಂದು ವರ್ಷದಲ್ಲಿ ಒಂದು ಸಂಜೆಯೂ ಆಟಕ್ಕೆ ಬಂದಿಲ್ಲ,
ಬಂದಿದ್ದರೆ ನನಗೆ ಗೊತ್ತಿರುತ್ತಿತ್ತು.

ಆಮೇಲೆ ಖಾಲಿ ಮನೆಗಳು.
ಮಳೆಗೆ ಅಳಿಸಿದ್ದು, ಹಾಳೆಯೇ ಕಳೆದದ್ದು,
ನಾನು ಸುಮ್ಮನೆ ಸೊನ್ನೆ ತುಂಬುತ್ತ ಹೋದೆ.
ಅವಳು ಕೈ ಹಿಡಿದಳು:
"ಎಸೆಯದ್ದು ಬೇರೆ ಅಕ್ಕಾ, ಎಸೆದು ತಪ್ಪಿದ್ದು ಬೇರೆ."
ಆ ರಾತ್ರಿ ಅಳಿಸುತ್ತ ಕೂತೆ.
ಮೊಣಕಾಲು ಹೋದ ಮೇಲಿನ ನನ್ನ ವರ್ಷಗಳಿಗೂ
ಯಾರೋ ಹೀಗೇ ಸೊನ್ನೆ ತುಂಬಿದ್ದರು.

ಮೂಡಣ ರಿಂಗಿಗೆ ನೂರಕ್ಕೆ ಅರವತ್ತೊಂದು,
ಪಡುವಣದ್ದಕ್ಕೆ ನಲವತ್ನಾಲ್ಕು.
"ಕಡಲ ಗಾಳಿ" ಎಂದರು ಇನಾಸ ಮಾಸ್ತರು,
ಸೀಟಿಯ ದಾರ ಬೆರಳಿಗೆ ಸುತ್ತುತ್ತ.
ಗಾಳಿಯೋ, ಅದು ನನ್ನ ದಫ್ತರದಲ್ಲೇ ಇತ್ತು,
ದಿನದಿನದ ವೇಗ, ದಿಕ್ಕು, ನನ್ನದೇ ಅಕ್ಷರ.
ಎರಡು ಪಟ್ಟಿಯನ್ನೂ ತಾರೀಕಿಗೆ ತಾರೀಕು ಕೂಡಿಸಿ ಹೊಲಿದೆವು.
ಗಾಳಿಯ ಲೆಕ್ಕ ಕಳೆದರೂ ಪಡುವಣಕ್ಕೆ ಏನೋ ಉಳಿಯಿತು,
ಯಾರ ಹೆಸರಿಗೂ ಹಚ್ಚಲಾಗದ್ದು.
ಪ್ರತೀಕ್ಷಾ ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದಳು.
ನಲವತ್ತು ವರ್ಷ ಬಂಗುಡೆ ಮಾರಿದ ನನ್ನ ಆಯಿ
ಬಾಗಿಲಲ್ಲಿ ಸಿಗಡಿ ಸುಲಿಯುತ್ತ ಅಂದಳು:
"ಕೊಸರು ಅನ್ನಿ. ಎಣಿಕೆ ಮುಗಿದ ಮೇಲೆ ಕೈಗೆ ಬರುವುದು."

ಮಾಜಾಳಿಯ ಕಾಲೇಜಿನಿಂದ ಒಂದು ಭಾನುವಾರದ ಮಟ್ಟಿಗೆ
ಆ ದಪ್ಪ ಕನ್ನಡಕ, ಹೆಡ್‌ಸೆಟ್ಟು.
ತೊಟ್ಟರೆ ಅಂಗಣ ಅಂಗಣವೇ, ಅದೇ ಬಿರುಕು, ಅದೇ ಗಾಳಿಮರ, ಮಲಗಿದ ನಾಯಿ,
ಅದರ ಮೇಲೆ ಎರಡು ತಿಂಗಳು ಕ್ಯಾಮೆರಾದಲ್ಲಿ ಹಿಡಿದ ಎಸೆತಗಳೆಲ್ಲ ಬಿಲ್ಲು ಬಿಲ್ಲಾಗಿ,
ಒಳಬಿದ್ದದ್ದು ನೀಲಿ, ತಪ್ಪಿದ್ದು ಕೆಂಪು.
ಮೊದಲ ಸಲ ಎಲ್ಲ ಎಡವಟ್ಟು:
ಅಡಿಯನ್ನು ಮೀಟರು ಅಂದುಕೊಂಡಿತ್ತು ಕೋಡು,
ರಿಂಗು ಹೋಗಿ ಸಮುದ್ರದ ಮೇಲೆ ನಿಂತಿತ್ತು,
ದೋಣಿಯೊಂದು ಅದರ ಕೆಳಗೆ ಹಾಯಿತು.
ನಕ್ಕು ನಕ್ಕು ಕೂತಳು, ತಿದ್ದಿದಳು.
ಆಗ ಕಂಡಿತು.
ಕೆಂಪೆಲ್ಲ ಕಾಳಿ ನದಿಯ ಬದಿಗೇ ಸಿಡಿದಿದ್ದವು,
ಒಂದೇ ಜಾಗದಿಂದ.

ಏಣಿ ಹತ್ತಿದವರು ಮಾಸ್ತರು.
ಉಪ್ಪು ತಿಂದ ಬೋಲ್ಟು, ಒಂದು ಬೆರಳು ವಾಲಿದ ರಿಂಗು.
ಇಳಿದು ಬಂದು ಯಾರ ಮುಖವನ್ನೂ ನೋಡಲಿಲ್ಲ.
ತಂಡ ಆರಿಸಿದ್ದು ಅವರು,
ಆರಿಸಿದ್ದು ನನ್ನ ಹಾಳೆ ನೋಡಿ.

ಸುಲಕ್ಷಾ ಬಾನಾವಳಿಕರ,
ಎರಡೇ ಎಸೆತಕ್ಕೆ ಜಿಲ್ಲಾ ತಂಡ ತಪ್ಪಿದವಳು,
ಈಗ ಐಸ್ ಕಾರ್ಖಾನೆಯ ಲೆಕ್ಕ ಬರೆಯುತ್ತಾಳೆ.
ಹೋಗಿ ಹೇಳಿದೆ. ಹೇಳಬಾರದಿತ್ತೇನೋ.
"ಎಷ್ಟು ವಾಲಿತ್ತು?"
ಬೆರಳು ತೋರಿಸಿದೆ.
ಅವಳೂ ತನ್ನ ಬೆರಳು ತಂದು ಪಕ್ಕಕ್ಕಿಟ್ಟಳು, ಐಸಿಗೆ ಒದ್ದೆ,
"ನನಗಾಗಲೇ ಅನಿಸಿತ್ತು" ಅಂದಳು,
ರಸೀದಿ ಪುಸ್ತಕದ ಕಾರ್ಬನ್ ಸರಿಮಾಡುತ್ತ.

ಹೆಡ್‌ಸೆಟ್ಟು ಸೋಮವಾರವೇ ಮರಳಿತು.
ಹೊಸ ಬೋಲ್ಟು ಕೂತಿದೆ, ಹುಡುಗಿಯರು ಆಡುತ್ತಾರೆ,
ನಾನು ಬರೆಯುತ್ತೇನೆ.
ಮೇಜು ಎತ್ತಿಕೊಂಡು ಅಂಗಣ ದಾಟುವಾಗ ಮಾತ್ರ
ಪಡುವಣ ತುದಿಗೆ ಬಂದೊಡನೆ
ತಲೆ ತಾನೇ ಬಗ್ಗುತ್ತದೆ,
ಆ ಕೆಂಪು ಬಿಲ್ಲುಗಳಿಗೆ ತಾಗಬಾರದೆಂದು.