ಎರಡು ಗಂಟೆಯ ವರದಿ

ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆ, ಮಹಡಿಯ ಕೋಣೆ.
ಪರದೆ ಮೇಲೆ ಮ್ಯಾನೇಜರ್‌ಗಳ ಪಟ್ಟಿ:
ಇರಬೇಕಾದವರು ಮೂವರು, ಇರುವವರು ಇಬ್ಬರು.
ಹಾಜರಿ ಪುಸ್ತಕದ ಹಾಗೆ ಓದಿಕೊಳ್ಳುತ್ತೇನೆ.

ಬಾಕಿ ಕೋರಿಕೆ ನಾನೂರ ಹನ್ನೆರಡು.
ಬೆಳಗಾಗುವುದರೊಳಗೆ ಗೂಡು ಮಾರಿದವರ ಖಾತೆಗೆ ದುಡ್ಡು ಬೀಳಬೇಕು.
ಇವೋ,
ಚಂದ್ರಿಕೆಯಲ್ಲಿ ಜಾಗ ಸಿಗದ ಹಣ್ಣುಹುಳದಂತೆ
ತಲೆಯೆತ್ತಿ ಅತ್ತ ಇತ್ತ ತಡಕುತ್ತಿವೆ,
ನೂಲು ಬಾಯಲ್ಲೇ ಇದೆ.

ಒಂದು ಮಾತ್ರ ಓಡುತ್ತಲೇ ಇದೆ, ಎರಡು ಗಂಟೆಯಿಂದ.
ತೂಕದ ಟೇಬಲ್ಲಿನ ಬೀಗದ ಕೈ ಅದರ ಸೊಂಟದಲ್ಲಿ.
ಸಲ್ಲಿಸಿದವರು: ಪಿಳ್ಳಾಂಜಿನಪ್ಪ.

ನಿವೃತ್ತರಾಗಿ ಆರು ವರ್ಷ. ಹೋದ ಕಾರ್ತಿಕದಲ್ಲಿ ತೀರಿಕೊಂಡರು.
ಆದರೂ ದಿನಾ ರಾತ್ರಿ ಅವರ ಹೆಸರಲ್ಲಿ
ಒಂದು ವರದಿ ಹುಟ್ಟುತ್ತದೆ, ಯಾರೂ ತೆರೆಯುವುದಿಲ್ಲ.
ನಿನ್ನೆಯದನ್ನು ತೆರೆದೆ.
ತಕ್ಕಡಿ ಒಂದು, ತಕ್ಕಡಿ ಎರಡು... ಹನ್ನೊಂದರವರೆಗೂ.
ಕೊನೆಗೆ ಅವರೇ ಸೇರಿಸಿದ ಸಾಲು:
‘ರೈತರಿಗೆ ಕಡಿಮೆ ತೂಗಿದ್ದು: ಇಲ್ಲ.’

ರದ್ದು ಒತ್ತಿದೆ.
ಎರಡು ಸಲ ಕೇಳಿತು, ಖಚಿತವೇ ಎಂದು.
ನಾನೂರ ಹನ್ನೊಂದು. ನಾನೂರ ಎಂಟು. ಮುನ್ನೂರ ತೊಂಬತ್ತು.

ಆಮೇಲೆ ಅದೇ ವರದಿ, ಹೊಸದಾಗಿ, ನಾಲ್ಕೂವರೆಗೆ.
ಸಲ್ಲಿಸಿದವರ ಜಾಗದಲ್ಲಿ ಅವರ ಹೆಸರೇ ಟೈಪು ಮಾಡಿದೆ,
ಒಪ್ಪಲಿಲ್ಲ,
ಶಾಹಿದಾ ಅಂತ ತಾನೇ ತುಂಬಿಕೊಂಡಿತು.

ಕೆಳಗೆ ಮೊದಲ ಟೆಂಪೋ ಹಿಂದಕ್ಕೆ ಬರುತ್ತಿದೆ.
ಯಾರೋ ತಕ್ಕಡಿಯ ಧೂಳು ಒರೆಸುತ್ತಿದ್ದಾರೆ, ಟವೆಲಿನಲ್ಲಿ.