ಗಂಡುಗಳ ಕಾಲಂ

ಬಾಲ ಹಿಡಿದು ಎತ್ತಬೇಡ ಒಸ್ಮೀರ್, ಅದು ಅದರ ಐದನೆಯ ಕೈ.
ಕುತ್ತಿಗೆಯ ಹಿಂದೆ, ಎರಡೇ ಬೆರಳಲ್ಲಿ, ಮೆತ್ತಗೆ. ಹಾಂ, ಹಾಗೆ.
ಬಾಯಿ ತೆರೆದು ಹೆದರಿಸುತ್ತದೆ, ಹೆದರಿದಂತೆ ಮಾಡು.
ಐವತ್ತು ಹಲ್ಲು ಈ ಹಿಡಿಯಷ್ಟು ಜೀವಕ್ಕೆ,
ನಮ್ಮ ಪಾದ್ರಿಗೆ ಹನ್ನೊಂದು.
ಕಣ್ಣ ಸುತ್ತ ಕಾಡಿಗೆ ನೋಡು, ಉಜ್ಜಿದರೆ ಹೋಗದು;
ಮೊದಲ ವರ್ಷ ನಾನೂ ಉಜ್ಜಿದ್ದೆ.

ಇದು ಹೆಣ್ಣು. ಹೊಟ್ಟೆ ಮೇಲೆ ಮಾಡು.
ಚೀಲ ಹುಡುಕಬೇಡ, ಕ್ವೀಕಾಗಳ ಸರದಿ ಬರುವಾಗ
ದೇವರ ಬಳಿ ಬಟ್ಟೆ ಮುಗಿದಿತ್ತು.
ಮೊಲೆ ಕಚ್ಚಿ ನೇತಾಡುವ ಮರಿಗಳು,
ಕಣ್ಣಿಲ್ಲ, ಕೂದಲಿಲ್ಲ, ಬೇಯಿಸದ ಸೀಗಡಿಯ ಬಣ್ಣ.
ಎಣಿಸು. ಎಂಟೋ? ಒಂಬತ್ತು. ಬಿಡಿಸಬೇಡ.
ಬರೆ: ಮೂವತ್ತೊಂದನೆಯ ಪೆಟ್ಟಿಗೆ, ನಲವತ್ತೆರಡು ಗ್ರಾಂ, ಮರಿ ಸಹಿತ.

ಈ ಕೋಕೋ ತೋಟದ ಅಂಚಿನ ಹಲಸೆಲ್ಲ ಹಡಗಿನಲ್ಲಿ ಬಂದದ್ದಂತೆ,
ಯಾವುದೋ ದೂರದ ಬಿಸಿಲಿನಿಂದ ಬಹಿಯಾಕ್ಕೆ.
ಕಾಡನ್ನು ನುಂಗುತ್ತದೆಂದು ಡಾಕ್ಟರಮ್ಮನಿಗೆ ಅದರ ಮೇಲೆ ಸಿಟ್ಟು.
ಕ್ವೀಕಾಗೆ ಆ ಜಗಳ ಗೊತ್ತಿಲ್ಲ:
ಬಿದ್ದ ತೊಳೆಗೆ ನೊಣ, ನೊಣಕ್ಕೆ ಇದು.
ಜೀರುಂಡೆ ಸಿಕ್ಕರೆ ತಲೆ ಮೊದಲು, ರೆಕ್ಕೆ ನೆಲಕ್ಕೆ.

ಈಗ ಹೋದ ವರ್ಷದ ಪುಸ್ತಕ ತೆಗೆ. ದೊಡ್ಡ ಗಂಡುಗಳ ಕಾಲಂ.
ಸೆಪ್ಟೆಂಬರ್ ಹದಿನೇಳು. ಅಕ್ಟೋಬರ್ ಹತ್ತೊಂಬತ್ತು.
ಜನವರಿ, ನನ್ನದೇ ಕೈಬರಹದ ಸೊನ್ನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಸೊನ್ನೆ ನನ್ನ ತಪ್ಪೆಂದುಕೊಂಡೆ.
ಬಾಗಿಲ ಸ್ಪ್ರಿಂಗಿಗೆ ಎಣ್ಣೆ ಬಿಟ್ಟೆ,
ಬಾಳೆಹಣ್ಣಿಗೆ ಶೇಂಗಾ ಹೆಚ್ಚು ಕಲಸಿದೆ,
ಹಾವಿರಬಹುದೆಂದು ಕೋಲು ಹಿಡಿದು ಪೊದೆ ಕೆದಕಿದೆ.
ಹಾವಲ್ಲ. ಕೂಡುವ ಕಾಲ ಮುಗಿದರೆ ಅವು ಅಷ್ಟೇ.
ಒಂದೇ ಹಂಗಾಮು, ಆಮೇಲೆ ಕೂದಲುದುರಿ, ಮೈ ಇಳಿದು,
ಇರುವೆಗಳಿಗೆ ಕೆಲಸ.
ಮಗ ಮರ ಹತ್ತಿದ್ದನ್ನು ನೋಡಿದ ಅಪ್ಪ ಈ ಕುಲದಲ್ಲಿಲ್ಲ.

ಡಿಸೆಂಬರಿನಲ್ಲಿ ಒಂದು ಸಿಕ್ಕಿತ್ತು, ನೂರಾ ಹದಿನೆಂಟು.
ಬೆನ್ನೆಲ್ಲ ಬೋಳು, ಕಿವಿಯ ತಗಡು ಮಾತ್ರ ಹೊಚ್ಚ ಹೊಸದು.
ನಾನು ತೂಗಲಿಲ್ಲ.
ಆ ದಿನದ ಸಾಲಲ್ಲಿ 'ಮಳೆ, ಪೆಟ್ಟಿಗೆ ಖಾಲಿ' ಎಂದಿದೆ, ಓದು.
ಮಳೆ ಇರಲಿಲ್ಲ.
ಅಂಗೈಯಲ್ಲಿ ಕೂತು ಬಾಳೆಹಣ್ಣು ಪೂರ್ತಿ ತಿಂದಿತು,
ಎರಡೂ ಕೈಯಲ್ಲಿ ಹಿಡಿದು, ಆತುರವಿಲ್ಲದೆ,
ಬಾಲ ನನ್ನ ಹೆಬ್ಬೆರಳಿಗೆ ಎರಡು ಸುತ್ತು.

ಡಾಕ್ಟರಮ್ಮನಿಗೆ ಹೇಳಬೇಡ.
ಇವಳನ್ನು ಹಿಡಿದ ಬಳ್ಳಿಯಲ್ಲೇ ಬಿಡು, ತಲೆ ಮೇಲಾಗಿ.
ನಡಿ, ಇನ್ನೂ ಇಪ್ಪತ್ತೊಂಬತ್ತು ಪೆಟ್ಟಿಗೆ ಇವೆ,
ಬಿಸಿಲು ಬಂದರೆ ತಗಡು ಕಾಯುತ್ತದೆ.